ಬುತ್ತಿ ಇಲ್ಲದ ಮಂಗಳವಾರ

ನಿಂಬರ್ಗಾದ ಶಾಂತಲಿಂಗಪ್ಪನವರ ಹೊಲದಲ್ಲಿ ತೊಗರಿ ಕೊಯ್ಯುವ ಹೆಂಗಸರನ್ನು ದೂರದಿಂದ ನೋಡಿದವರು ಗಂಡಸರೆಂದೇ ತಿಳಿಯುತ್ತಿದ್ದರು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಸುತ್ತಿದ ಟವೆಲ್ಲು, ಕೈಯಲ್ಲಿ ಕುಡುಗೋಲು. ಹತ್ತಿರ ಹೋಗಿ ನೋಡಿದರೂ ಕೆಲಸದಲ್ಲಿ ಫರಕು ಕಾಣುತ್ತಿರಲಿಲ್ಲ. ಎಲ್ಲರಿಗೂ ಅದೇ ಸಾಲು, ಸಾಲಿನ ಕೊನೆಗೆ ಅದೇ ಬದು, ಬದುವಿನ ಮೇಲೆ ಅದೇ ಬೇವಿನ ಗಿಡ. ಫರಕು ಕಾಣುತ್ತಿದ್ದುದು ರವಿವಾರ ಸಂಜೆ, ಶಾಂತಲಿಂಗಪ್ಪನವರ ಮನೆಯ ಕಟ್ಟೆಯ ಮೇಲೆ ಕೂಲಿ ಹಂಚುವಾಗ. ಗಂಡಾಳಿಗೆ ದಿನಕ್ಕೆ ಐದುನೂರು, ಹೆಣ್ಣಾಳಿಗೆ ಮುನ್ನೂರು.

ಶಿವಕಾಂತಾ ಈ ಫರಕನ್ನು ಮದುವೆಯಾಗಿ ಬಂದ ವರ್ಷದಿಂದ ನೋಡುತ್ತಿದ್ದಳು. ಅವಳ ತವರು ಜೇವರ್ಗಿ ತಾಲ್ಲೂಕಿನ ಕೊಳಕೂರ. ಅಲ್ಲಿ ಅವಳು ಹತ್ತಿ ಬಿಡಿಸಿ ಬೆಳೆದವಳು. ಹತ್ತಿಯ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ಗಂಟು ತಂದು ತಕ್ಕಡಿಗೆ ಹಾಕಿದರೆ ಮುಳ್ಳು ಎಲ್ಲಿ ನಿಲ್ಲುತ್ತದೋ ಅಷ್ಟು ದುಡ್ಡು. ಗಂಟು ತಂದವರು ಗಂಡಸೋ ಹೆಂಗಸೋ ಎಂದು ತಕ್ಕಡಿ ಕೇಳುತ್ತಿರಲಿಲ್ಲ. ತೊಗರಿಯ ಸೀಮೆಗೆ ಬಂದ ಮೇಲೆ ತಕ್ಕಡಿಯ ಜಾಗದಲ್ಲಿ ಸಾವುಕಾರರು ಕುಳಿತಿದ್ದರು, ಅವರು ಕೇಳುತ್ತಿದ್ದರು. ಶಿವಕಾಂತಾ ಮೊದಮೊದಲು ಹೊಸ ಸೊಸೆಯೆಂದು ಸುಮ್ಮನಿದ್ದಳು, ಆಮೇಲೆ ಮಕ್ಕಳು ಸಣ್ಣವರೆಂದು ಸುಮ್ಮನಿದ್ದಳು. ಈ ವರ್ಷ ಸುಮ್ಮನಿರಲು ಕಾರಣ ಹುಡುಕಿದಳು, ಸಿಗಲಿಲ್ಲ.

ಆ ರವಿವಾರ ಶಾಂತಲಿಂಗಪ್ಪನವರು ಒಳ್ಳೆಯ ಮನಸ್ಸಿನಲ್ಲಿದ್ದರು. ಮುಂಜಾನೆ ಆಳಂದದಲ್ಲಿ ಶರಣರ ಸ್ಮರಣೆಯ ಸಭೆಯೊಂದಕ್ಕೆ ಅಧ್ಯಕ್ಷರಾಗಿ ಹೋಗಿದ್ದರು. ಕಾಯಕದ ಮುಂದೆ ಗಂಡು ಹೆಣ್ಣು ಎರಡೂ ಸಮ ಎಂದು ಅರ್ಧ ತಾಸು ಮಾತಾಡಿದ್ದರು. ಊಟವಿದೆಯೆಂದು ಜೊತೆಗೆ ಹೋಗಿದ್ದ ಶಿವಕಾಂತಾಳ ಗಂಡ ಖಂಡಪ್ಪ ಆ ಮಾತಿಗೆ ಚಪ್ಪಾಳೆಯನ್ನೂ ತಟ್ಟಿ ಬಂದಿದ್ದ. ಸಭೆಯವರು ಹೊದಿಸಿದ ಶಾಲು ಸಂಜೆಯಾದರೂ ಸಾವುಕಾರರ ಹೆಗಲ ಮೇಲೆಯೇ ಇತ್ತು.

ಶಿವಕಾಂತಾ ತನ್ನ ಕೂಲಿ ಇಸಿದುಕೊಂಡಳು, ಆದರೆ ಹಿಂದೆ ಸರಿಯಲಿಲ್ಲ.

"ಸಾವುಕಾರ್ರ, ಒಂದ್ ಮಾತ ಕೇಳ್ಲೇನ್ರಿ? ನನ್ನ ಸಾಲೂ ಇವ್ರ ಸಾಲೂ ಒಂದ ಬದುವಿಗಿ ಮುಗೀತಾವ. ಕೂಲಿ ಯಾಕ ಎರಡ ಆಗ್ತದ?"

ಶಾಂತಲಿಂಗಪ್ಪನವರು ಸಿಟ್ಟಿಗೇಳುವ ಮನುಷ್ಯರಲ್ಲ. ಕಾರಣ ಹೇಳಿ ಒಪ್ಪಿಸುವುದು ಅವರ ರೀತಿ. ಗಂಡಸರು ಭಾರ ಹೊರುತ್ತಾರೆ ಎಂದರು. ಹೊರೆ ಹೊರುವುದು ರಾಶಿಯ ದಿನ, ಈಗ ನಡೆದಿರುವುದು ಬರೀ ಕೊಯ್ಲು, ಹೊರುವ ದಿನ ಬೇಕಾದರೆ ಅವರಿಗೆ ಹೆಚ್ಚು ಕೊಡಿ ಎಂದಳು ಶಿವಕಾಂತಾ. ಇಡೀ ಊರಿನಲ್ಲಿ ಇದೇ ದರ, ನಾನೊಬ್ಬ ಏರಿಸಿದರೆ ಅಕ್ಕಪಕ್ಕದ ಹೊಲದವರು ನನ್ನನ್ನು ನಿದ್ದೆ ಮಾಡಲು ಬಿಡುವುದಿಲ್ಲ ಎಂದರು. ಅದು ನಿಜವೇ ಎಂದು ಅವಳು ತಲೆಯಾಡಿಸಿದಳು. ಅದನ್ನು ನೋಡಿ ಸಾವುಕಾರರಿಗೆ ಹುರುಪು ಬಂತು. ಗಂಡನದು ಐದುನೂರು, ಹೆಂಡತಿಯದು ಮುನ್ನೂರು, ಎರಡೂ ಹೋಗುವುದು ಒಂದೇ ಮನೆಗಲ್ಲವೇ, ಯಾರ ಕೈಯಲ್ಲಿ ಎಷ್ಟು ಹೋದರೇನು ಎಂದರು.

ಹಿಂದೆ ನಿಂತಿದ್ದ ದ್ರೌಪದಿ, ಗಂಡ ತೀರಿಕೊಂಡು ಮೂರು ವರ್ಷವಾದವಳು, ತನ್ನ ನೋಟುಗಳನ್ನು ಮಡಚುತ್ತ ಹೇಳಿದಳು: "ನನ್ನ ಮನಿಗಿ ಬರೇ ಮುನ್ನೂರ ಹೋಗ್ತದ್ರಿ."

ಶಾಂತಲಿಂಗಪ್ಪನವರು ಶಾಲು ಸರಿಪಡಿಸಿಕೊಂಡು, ಇಷ್ಟು ಹೊತ್ತು ಕಾದಿಟ್ಟಿದ್ದ ಗಟ್ಟಿ ಕಾರಣವನ್ನು ಹೊರಗೆ ತೆಗೆದರು.

"ಗಂಡಾಳು ಎಂಟಕ್ಕ ಹೊಲ್ದಾಗ ಇರ್ತಾರ. ನೀವು ಬರೋದು ಹತ್ತಕ್ಕ. ಇಬ್ಬನಿ ಇದ್ದಾಗ ಕೊಯ್ದರ ಕಾಯಿ ಸಿಡಿಯಂಗಿಲ್ಲ. ಬಿಸಿಲ ಏರಿದ ಮ್ಯಾಲ ನೀವು ಕೊಯ್ದದ್ದು ನೆಲಕ್ಕ ಬೀಳ್ತದ. ಆ ಕಾಳ ಆರಸಾವ್ರು ಯಾರು?"

"ಅದೂ ನಾವ ಆರಸ್ತೇವ್ರಿ," ಎಂದಳು ಆಯೇಶಾ. ಅವಳು ಶಿವಕಾಂತಾಳ ಓಣಿಯವಳು. ಅವಳ ಗಂಡ ತೌಸೀಫನೂ ಇದೇ ಗುಂಪಿನ ಆಳು.

ಎಲ್ಲರೂ ನಕ್ಕರು. ಶಾಂತಲಿಂಗಪ್ಪನವರೂ ನಕ್ಕರು. ನಗುವಿನ ಭರದಲ್ಲೋ ಮುಂಜಾನೆಯ ಭಾಷಣದ ಕಾವಿನಲ್ಲೋ, ಅಂಗೈಯನ್ನು ಶಾಲಿನ ಮೇಲಿಟ್ಟು ಎಲ್ಲರ ಎದುರು ಮಾತು ಕೊಟ್ಟರು.

"ಕಾಯಕಕ್ಕ ಗಂಡು ಹೆಣ್ಣು ಇಲ್ಲ. ಮಂಗಳವಾರ ಎಂಟಕ್ಕ ಹೊಲ್ದಾಗ ಇದ್ದವ್ರಿಗಿ ಐದುನೂರು, ಹತ್ತಕ್ಕ ಬಂದವ್ರಿಗಿ ಮುನ್ನೂರು. ಗಂಡಿರ್ಲಿ, ಹೆಣ್ಣಿರ್ಲಿ. ಸಂಜಿಗೇ ರೊಕ್ಕ ಕೈಯಾಗ ಇಡ್ತೇನಿ. ಆದ್ರ ಬರಾಕ ಆಗ್ಲಿಲ್ಲಂದ್ರ ಮತ್ತ ಈ ಮಾತ ತೆಗೀಬಾರ್ದು. ತೆಗದ್ರ ಉಳಿದ ತೊಗರಿಗಿ ಮಷಿನ್ ತರಸ್ತೇನಿ."

ಗಂಡಸರು ಇನ್ನೊಮ್ಮೆ ನಕ್ಕರು. ಹೆಂಗಸರು ಎಂಟಕ್ಕೆ ಮನೆ ಬಿಡುವುದು ಆಗದ ಮಾತು ಎಂಬುದು ಅವರಿಗೆಲ್ಲ ಗೊತ್ತಿತ್ತು. ಖಂಡಪ್ಪನೂ ನಕ್ಕ. ಶಿವಕಾಂತಾ ಅದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡಳು.

ಮನೆಯ ದಾರಿಯಲ್ಲಿ ಅವಳು ಯೋಚಿಸಿದಳು. ಸಾವುಕಾರರ ಮಾತಿನ ಪ್ರಕಾರ ಮುಂಜಾನೆಯ ಎರಡು ತಾಸಿಗೆ ಇನ್ನೂರು, ಉಳಿದ ಇಡೀ ದಿನಕ್ಕೆ ಮುನ್ನೂರು. ಇಬ್ಬನಿಗೆ ಇಷ್ಟು ಬೆಲೆ ಇರುವುದು ಅವಳಿಗೆ ಗೊತ್ತಿರಲಿಲ್ಲ. ಆದರೂ ಮಾತು ಮಾತೇ. ಗೆದ್ದರೆ ಕೂಲಿ ಒಂದಾಗುತ್ತದೆ. ಸೋತರೆ ಕೂಲಿಯ ಮಾತು ಅಲ್ಲಿಗೇ ಮುಗಿಯಿತು, ಮತ್ತೆ ಯಾರಾದರೂ ಬಾಯಿ ತೆರೆದರೆ ಈ ಸಲದ ಉಳಿದ ಕೊಯ್ಲೂ ಹೋಗುತ್ತದೆ. ಆಗ ದ್ರೌಪದಿಯ ಮನೆಗೆ ಆ ಮುನ್ನೂರೂ ಬರುವುದಿಲ್ಲ. ಮಾತು ತೆಗೆದವಳು ತಾನು, ಆದ್ದರಿಂದ ಊರು ಬೊಟ್ಟು ಮಾಡುವುದು ತನ್ನ ಕಡೆಗೇ.

ಸೋಮವಾರ ಆ ಕಡೆ ಎತ್ತು ಹೂಡುವುದಿಲ್ಲ. ಶಾಂತಲಿಂಗಪ್ಪನವರು ಅಂದು ಕುಡುಗೋಲನ್ನೂ ಹೊಲಕ್ಕೆ ಕಳಿಸುತ್ತಿರಲಿಲ್ಲ. ಮಧ್ಯಾಹ್ನ ಹೆಂಗಸರೆಲ್ಲ ಆಯೇಶಾಳ ಪಡಸಾಲೆಯಲ್ಲಿ ಸೇರಿದರು. ಮಾತು ಬೇಗ ರೊಟ್ಟಿಗೆ ಬಂದು ನಿಂತಿತು. ಹತ್ತಕ್ಕೆ ಮೊದಲು ಹೊಲಕ್ಕೆ ಹೋಗಲು ಆಗದಿರುವುದಕ್ಕೆ ಬೇರೆ ಕಾರಣವೇ ಇರಲಿಲ್ಲ. ನಸುಕಿನಲ್ಲಿ ಎದ್ದು ಒಲೆ ಹೊತ್ತಿಸಿ, ಗಂಡನಿಗೆ ಬುತ್ತಿ ಕಟ್ಟಿ ಎಂಟರ ಒಳಗೆ ಅವನನ್ನು ಸಾಗಿಸಬೇಕು. ಆಮೇಲೆ ಮನೆಯವರಿಗೆ ರೊಟ್ಟಿ ಬಡಿಯಬೇಕು, ನೀರು ತರಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ತನಗೆ ಎರಡು ರೊಟ್ಟಿ ಸುತ್ತಿಕೊಂಡು ಓಡಬೇಕು. ದ್ರೌಪದಿಗೆ ಗಂಡನ ಬುತ್ತಿ ಇರಲಿಲ್ಲ, ಆದರೆ ಅವಳು ದಿನಾ ಮುಂಜಾನೆ ಸಾವುಕಾರರ ಮನೆಯ ರೊಟ್ಟಿ ಬಡಿದುಕೊಟ್ಟು ಬರುತ್ತಿದ್ದಳು. ಅದಕ್ಕೆ ತಿಂಗಳಿಗೆ ಒಂದಿಷ್ಟು ಜೋಳ ಸಿಗುತ್ತಿತ್ತು.

ದ್ರೌಪದಿಗೆ ಒಂದು ಉಪಾಯ ಹೊಳೆಯಿತು. ಇನ್ನೆರಡು ತಾಸು ಮೊದಲೇ ಎದ್ದರೆ ಎಲ್ಲ ಮುಗಿಯುತ್ತದೆ ಎಂದಳು. ಕೆಲವರು ತಲೆಯಾಡಿಸಿದರು. ಶಿವಕಾಂತಾ ಒಪ್ಪಲಿಲ್ಲ.

"ಎರಡ ತಾಸ ನಿದ್ದಿ ಬಿಟ್ಟು ಇನ್ನೂರ ರೂಪಾಯಿ ತಗೊಂಡ್ರ ಅದು ನಿದ್ದಿ ಮಾರಿದಂಗ ಆಯ್ತು. ಅವ್ರ ಎಂಟಕ್ಕ ಹ್ಯಾಂಗ ಬರ್ತಾರ? ನಾವ ರೊಟ್ಟಿ ಬಡೀತೇವಿ ಅಂತ ಬರ್ತಾರ. ನಾಳಿ ನಾವೂ ಅವ್ರಂಗ ಹೋಗೂನು. ಎದ್ದು, ಮಾರಿ ತೊಳಕೊಂಡು, ಕುಡುಗೋಲ ತಗೊಂಡು."

"ಮತ್ತ ಅವ್ರ ಬುತ್ತಿ?" ಎಂದಳು ದ್ರೌಪದಿ.

"ಅವ್ರಿಗೂ ಎರಡ ಕೈ ಅದಾವ."

ಆಯೇಶಾ ತನ್ನ ಗಂಡನ ಎರಡು ಕೈಗಳನ್ನು ಮನಸ್ಸಿನಲ್ಲಿ ಹಿಟ್ಟಿಗೆ ಹಾಕಿ ನೋಡಿರಬೇಕು. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎಳ್ಳಮಾವಾಸ್ಯೆಗೆಂದು ಬಡಿದಿಟ್ಟ ಕಡಕ್ ರೊಟ್ಟಿ ಅವರವರ ಡಬ್ಬಿಯ ತಳದಲ್ಲಿ ಒಂದಷ್ಟು ಉಳಿದಿತ್ತು. ಅದು ಮಕ್ಕಳಿಗೆ, ಮುದುಕರಿಗೆ, ತಮಗೆ ಸಾಕಾಗುತ್ತಿತ್ತು. ಗಂಡಸರಿಗೆ ಸಾಲುತ್ತಿರಲಿಲ್ಲ. ಮೋಸ ಮಾಡುವುದು ಬೇಡ, ಇವತ್ತೇ ಹೇಳಿಬಿಡಬೇಕು ಎಂದು ಎಲ್ಲರೂ ಒಪ್ಪಿ ಎದ್ದರು.

ರಾತ್ರಿ ಊಟಕ್ಕೆ ಕುಳಿತಾಗ ಶಿವಕಾಂತಾ ಹೇಳಿದಳು. ನಾಳೆ ನಿಮ್ಮ ಬುತ್ತಿ ನೀವೇ ನೋಡಿಕೊಳ್ಳಿ, ನಾನು ಎಂಟಕ್ಕೆ ಹೊಲದಲ್ಲಿರಬೇಕು. ಖಂಡಪ್ಪ ಇನ್ನೊಂದು ರೊಟ್ಟಿ ಕೇಳಿದ. ಅವಳು ಮತ್ತೆ ಹೇಳಿದಳು. ಅವನು ಆಗಲಿ ಆಗಲಿ ಎಂದು ಪುಂಡಿಪಲ್ಯ ನೀಡಿಸಿಕೊಂಡ. ನಾಳೆ ಮಳೆ ಬರುತ್ತದೆ ಎಂದು ಹೇಳಿದ್ದರೂ ಆ ಹೊತ್ತಿಗೆ ಅವನು ಅಷ್ಟೇ ಸಮಾಧಾನವಾಗಿ ಒಪ್ಪುತ್ತಿದ್ದ. ಮೂಲೆಯಲ್ಲಿ ಉಣ್ಣುತ್ತಿದ್ದ ಅತ್ತೆ ಗೌರಾಬಾಯಿ ಮಾತ್ರ ತುತ್ತು ನಿಲ್ಲಿಸಿ ಸೊಸೆಯನ್ನು ಒಮ್ಮೆ ನೋಡಿದಳು.

ಮಂಗಳವಾರ ಮುಂಜಾನೆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳವೇ ಇರಲಿಲ್ಲ. ಖಂಡಪ್ಪನಿಗೆ ಎಚ್ಚರವಾದದ್ದು ಆ ಮೌನಕ್ಕೇ. ಕಣ್ಣು ಬಿಟ್ಟಾಗ ಹೆಂಡತಿ ಅವನ ಹಳೆಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಗಂಟು ಅವಳ ಕೈಯಲ್ಲಿತ್ತು.

"ಎಲ್ಲಿಗಿ ಹೊಂಟಿ?"

"ಹೊಲಕ್ಕ. ಎಂಟ ಆಗಾಕ ಬಂತು ನೋಡ್ರಿ."

"ನನ್ನ ಬುತ್ತಿ?"

"ನಿನ್ನಿ ಆಗಲಿ ಅಂದ್ರಲ್ಲ," ಎಂದು ಶಿವಕಾಂತಾ ಚಪ್ಪಲಿ ಮೆಟ್ಟಿದಳು.

ಖಂಡಪ್ಪ ತಾಯಿಯ ಕಡೆ ತಿರುಗಿದ. "ಯವ್ವಾ, ನೋಡಬೇ ಇಕಿನ."

ಗೌರಾಬಾಯಿ ಚಾದರ ತಲೆಯ ಮೇಲೆ ಎಳೆದುಕೊಂಡಳು. "ನೋಡಾಕತ್ತೇನಿ," ಎಂಬ ದನಿ ಚಾದರದ ಒಳಗಿನಿಂದ ಬಂತು. "ನನ್ನ ಕೈ ನೋಯ್ತದಪಾ. ಹಿಟ್ಟು ಡಬ್ಬ್ಯಾಗ ಅದ."

ಶಿವಕಾಂತಾ ಓಣಿಯ ತಿರುವು ದಾಟುವಾಗ ಹಿಂದೆ ಹಿಟ್ಟು ನಾದುವ ಪರಾತ ಕೆಳಗೆ ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ನೋಡಿದರೆ ಮನಸ್ಸು ಕರಗುತ್ತದೆ ಎಂಬ ಹೆದರಿಕೆ ಅವಳಿಗಿತ್ತು. ಖಂಡಪ್ಪ ಕೆಟ್ಟವನಲ್ಲ. ಹಸಿದಾಗ ಅವನ ಮುಖ ಸಣ್ಣ ಹುಡುಗನ ಮುಖದಂತಾಗುತ್ತಿತ್ತು.

ಶಾಂತಲಿಂಗಪ್ಪನವರು ಎಂಟಕ್ಕೆ ಮೊದಲೇ ಮೋಟರ್‌ಸೈಕಲ್ ತಂದು ಬದುವಿನ ಮೇಲೆ ನಿಲ್ಲಿಸಿದ್ದರು. ಹೆಂಗಸರು ಬಾರದಿರುವುದನ್ನು ಕಣ್ಣಾರೆ ನೋಡಿ ಆನಂದಪಡಬೇಕೆಂದು ಅವರು ಬಂದದ್ದು. ಬಂದವರೆಲ್ಲ ಹೆಂಗಸರೇ ಆಗಿದ್ದರು. ತೊಗರಿ ಗಿಡಗಳ ಮೇಲೆ ಇಬ್ಬನಿ ದಟ್ಟವಾಗಿತ್ತು. ಹೆಂಗಸರ ಅಂಗಿಯ ತೋಳು ಮೊಣಕೈವರೆಗೆ ತೊಯ್ದು ಹೋಗಿತ್ತು. ಕಾಯಿ ಒಂದೂ ಸಿಡಿಯುತ್ತಿರಲಿಲ್ಲ. ಸಾವುಕಾರರು ಮೊದಲು ಅವರನ್ನು ನೋಡಿದರು, ಆಮೇಲೆ ಖಾಲಿ ಇದ್ದ ದಾರಿಯನ್ನು ನೋಡಿದರು, ಆಮೇಲೆ ಮೊಬೈಲಿನಲ್ಲಿ ಗಂಟೆ ನೋಡಿದರು.

"ಗಂಡಾಳು ಎಲ್ಲ್ಯಾರ?" ಎಂದು ಕೇಳಿದರು.

"ರೊಟ್ಟಿ ಬಡ್ಯಾಕತ್ತಾರ್ರಿ," ಎಂದಳು ಆಯೇಶಾ, ಕುಡುಗೋಲು ನಿಲ್ಲಿಸದೆ.

ಅವರು ಅದನ್ನು ಚೇಷ್ಟೆ ಎಂದುಕೊಂಡರು. ಆಗ ಅವರ ಕಣ್ಣು ದ್ರೌಪದಿಯ ಮೇಲೆ ಬಿತ್ತು. ಮುಂಜಾನೆ ತಮ್ಮ ಮನೆಯಲ್ಲಿ ಬರೀ ಚಹಾ ಸಿಕ್ಕಿದ್ದು ಏಕೆ ಎಂಬುದು ಆಗ ಅವರಿಗೆ ತಿಳಿಯಿತು. ರೊಟ್ಟಿ ಎಲ್ಲಿ ಎಂದು ಕೇಳಿದ್ದಕ್ಕೆ ಹೆಂಡತಿ ಗುರುಬಾಯಿ, ದ್ರೌಪದಿ ಬಂದಿಲ್ಲ, ಪೂಜೆ ಮುಗಿಸಿ ನೋಡುತ್ತೇನೆ ಎಂದಿದ್ದರು. ಗುರುಬಾಯಿಯವರ ಪೂಜೆ ಬೇಗ ಮುಗಿಯುವುದಲ್ಲ. ಶಾಂತಲಿಂಗಪ್ಪನವರು ಮೋಟರ್‌ಸೈಕಲ್ಲಿನ ಮೇಲೆ ಕುಳಿತು, ಅಲ್ಲಲ್ಲಿ ಉಳಿದಿದ್ದ ಹಸಿ ತೊಗರಿಕಾಯಿ ಸುಲಿದು ತಿನ್ನತೊಡಗಿದರು.

ಗಂಡಸರು ಬಂದಾಗ ಬಿಸಿಲು ಏರಿ ಇಬ್ಬನಿ ಆರಿತ್ತು. ಒಬ್ಬೊಬ್ಬರಾಗಿ ಅಲ್ಲ, ಜಾತ್ರೆಯಲ್ಲಿ ಸಿಕ್ಕಿಬಿದ್ದ ಕಳ್ಳರಂತೆ ಗುಂಪಾಗಿ, ತಲೆ ತಗ್ಗಿಸಿ ಬಂದರು. ಆದದ್ದೇನೆಂಬುದು ಶಿವಕಾಂತಾಳಿಗೆ ತುಂಡುತುಂಡಾಗಿ ಗೊತ್ತಾಯಿತು. ಅರ್ಧ ಓಣಿಯ ಗಂಡಸರು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಓಡಿದ್ದರು. ಹೋಟೆಲಿನವನು ಬುಟ್ಟಿಯಲ್ಲಿದ್ದ ಚುರುಮುರಿ ಸುಸಲಾ ಎಲ್ಲ ಖಾಲಿಯಾದ ಮೇಲೆ, ಇವತ್ತು ಏನು ಹಬ್ಬ ಎಂದು ಕೇಳಿದ್ದ. ತೌಸೀಫ ಒಲೆ ಹೊತ್ತಿಸಲು ಹೋಗಿ ಮನೆತುಂಬ ಹೊಗೆ ಮಾಡಿದ್ದ, ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ಕೊಡ ತಂದಿದ್ದರು. ಖಂಡಪ್ಪ ಸ್ವಾಭಿಮಾನದಿಂದ ಹಿಟ್ಟಿಗೆ ಕೈ ಹಾಕಿದ್ದ. ತಣ್ಣೀರು ಸುರಿದು ನಾದಿದ್ದ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕದಿದ್ದರೆ ಅದು ಒಂದಕ್ಕೊಂದು ಹಿಡಿಯುವುದಿಲ್ಲ. ಮೂರು ಸಲ ಬಡಿದ, ಮೂರು ಸಲವೂ ಅಂಚು ಒಡೆದು ರೊಟ್ಟಿ ಹಂಚಿಗೆ ಹೋಗುವ ಮೊದಲೇ ಪುಡಿಯಾಯಿತು. ಎಲ್ಲ ಮುಗಿದ ಮೇಲೆ ಗೌರಾಬಾಯಿ ಚಾದರ ಸರಿಸಿ, ಎಸರು ಕುದಿಸಬೇಕಿತ್ತಪ್ಪಾ ಎಂದಿದ್ದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲ ಎಂದಿದ್ದಳು.

ಖಂಡಪ್ಪನ ಕಿವಿಯ ಹಿಂದೆ ಇನ್ನೂ ಹಿಟ್ಟು ಅಂಟಿತ್ತು. ಶಿವಕಾಂತಾ ಅದನ್ನು ನೋಡಿಯೂ ನೋಡದವಳಂತೆ ಸಾಲು ಹಿಡಿದು ಮುಂದೆ ಹೋದಳು. ಗಂಡಸರು ಹಿಂದಿನ ಸಾಲುಗಳಿಗೆ ನಿಂತರು. ಬಿಸಿಲಿಗೆ ಕಾಯಿಗಳು ಚಟಚಟ ಸಿಡಿಯತೊಡಗಿದ್ದವು. ಕೊಯ್ದ ಗಿಡ ಕೆಳಗಿಡುವಷ್ಟರಲ್ಲಿ ಕಾಳು ಉದುರುತ್ತಿತ್ತು.

"ಕಾಳ ಆರಸ್ಕೋತ ಬರ್ರಿ," ಎಂದು ಆಯೇಶಾ ಮುಂದಿನಿಂದ ಕೂಗಿ ಹೇಳಿದಳು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಹೆಂಗಸರು ಗಂಟು ಬಿಚ್ಚಿದರು. ಗಂಡಸರು ತುಸು ದೂರದಲ್ಲಿ, ಬೇರೆ ಕಡೆ ಮುಖ ಮಾಡಿ, ಬೀಡಿ ಹಚ್ಚಿ ಕುಳಿತರು. ಹೊಲದಲ್ಲಿ ಯಾರೇ ಇರಲಿ, ಬುತ್ತಿ ಬಿಚ್ಚಿದವರು ಪಕ್ಕದವರನ್ನು ಕರೆಯದೆ ಉಣ್ಣುವ ರೂಢಿ ಆ ಸೀಮೆಯಲ್ಲಿಲ್ಲ. ಹೆಂಗಸರೆಲ್ಲ ಶಿವಕಾಂತಾಳ ಮುಖ ನೋಡಿದರು. ಅವಳು ಬೇಗ ತೀರ್ಮಾನ ಮಾಡಿದಳು. ಜಗಳ ಇದ್ದದ್ದು ಕೂಲಿಯ ಮೇಲೆ, ತುತ್ತಿನ ಮೇಲಲ್ಲ.

"ಬರ್ರಿ, ಊಟ ಮಾಡೂನು," ಎಂದು ಕರೆದಳು.

ಒಬ್ಬೊಬ್ಬರಿಗೆ ಅರ್ಧರ್ಧ ರೊಟ್ಟಿ ಬಂತು. ಶಾಂತಲಿಂಗಪ್ಪನವರು ಅಷ್ಟೊತ್ತಿಗೆ ಮನೆಗೆ ಹೋಗಿದ್ದರು. ಹೋಗುವ ಮುನ್ನ ಫೋನಿನ ಸ್ಪೀಕರ್ ಹಚ್ಚಿ ಯಾರಿಗೋ ಮಷಿನ್ ಯಾವಾಗ ಸಿಗುತ್ತದೆ ಎಂದು ಕೇಳಿದ್ದನ್ನು ದ್ರೌಪದಿ ಕೇಳಿಸಿಕೊಂಡಿದ್ದಳು. ಅದನ್ನು ಹೇಳಿದಾಗ ಎಲ್ಲರ ಅಗಿತ ಒಮ್ಮೆ ನಿಂತಿತು. ಶಿವಕಾಂತಾ ಕೈಯಲ್ಲಿದ್ದ ರೊಟ್ಟಿ ಚೂರನ್ನು ಕೆಳಗಿಟ್ಟಳು. ಖಂಡಪ್ಪ ನೀರಿನ ಬಾಟಲಿ ಅವಳ ಕಡೆ ಸರಿಸಿದ.

"ಆಕಡಿಯವ ಏನಂದ?" ಎಂದು ಕೇಳಿದ.

"ಮಷಿನ್ ಅಫಜಲಪುರ ಕಡಿ ಹೋಗ್ಯದಂತ. ಸಂಕ್ರಾಂತಿ ಆದ ಮ್ಯಾಲ ನೋಡೂನು ಅಂದ," ಎಂದಳು ದ್ರೌಪದಿ.

ಸಂಕ್ರಾಂತಿಯವರೆಗೆ ಈ ಬಿಸಿಲಿನಲ್ಲಿ ಬಿಟ್ಟರೆ ತೊಗರಿ ಗಿಡದಲ್ಲಿ ಉಳಿಯುವುದಿಲ್ಲ, ನೆಲದಲ್ಲಿ ಇರುತ್ತದೆ. ಅದು ಅಲ್ಲಿ ಕುಳಿತವರಿಗೆಲ್ಲ ಗೊತ್ತಿತ್ತು, ಸಾವುಕಾರರಿಗೂ ಗೊತ್ತಿತ್ತು. ಅಗಿತ ಮತ್ತೆ ಶುರುವಾಯಿತು.

ಸಂಜೆ ಕಟ್ಟೆಯ ಮೇಲೆ ಶಾಂತಲಿಂಗಪ್ಪನವರು ಚೀಲ ತೆರೆದು ಕುಳಿತಾಗ ಹೆಗಲ ಮೇಲೆ ಶಾಲು ಇರಲಿಲ್ಲ. ಬಾಗಿಲ ಒಳಗೆ ಗುರುಬಾಯಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದರು. ಸಾವುಕಾರರು ಮಾತಿಗೆ ತಪ್ಪಲಿಲ್ಲ. ಮೊದಲು ಹೆಂಗಸರನ್ನೇ ಕರೆದು ಒಬ್ಬೊಬ್ಬರಿಗೂ ಐದುನೂರರ ನೋಟು ಕೊಟ್ಟರು. ದ್ರೌಪದಿ ನೋಟನ್ನು ಮಡಚಲಿಲ್ಲ, ಬಿಡಿಸಿ ಹಿಡಿದು ನಿಂತಳು. ಆಮೇಲೆ ಅವರು ಖಂಡಪ್ಪನನ್ನು ಕರೆದರು. ಅವನ ಕೈಗೂ ಐದುನೂರರ ನೋಟು ಇಟ್ಟು, ಮುಂದಿನವನು ಯಾರು ಎಂದರು.

ಶಿವಕಾಂತಾ ಕೇಳದೆ ಇರಲಾರದಾದಳು.

"ಸಾವುಕಾರ್ರ, ಇವ್ರು ಹತ್ತಕ್ಕ ಬಂದಾರಲ್ರಿ."

ಗಂಡಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ಸ್ವಂತ ಗಂಡನ ಕೂಲಿಗೇ ಕಲ್ಲು ಹಾಕುತ್ತಾಳೆ ನೋಡು ಎಂದು ಯಾರೋ ಅಂದರು. ಶಾಂತಲಿಂಗಪ್ಪನವರಿಗೆ ಇದು ಬೇಕಾಗಿತ್ತು. ಅವರು ಗಂಡಸರ ಕಡೆ ಕೈ ಮಾಡಿ, ಎಲ್ಲರಿಗೂ ಕೇಳುವಂತೆ ಮರುಕದ ದನಿಯಲ್ಲಿ ಹೇಳಿದರು.

"ಪಾಪ, ಅವ್ರದೇನ ತಪ್ಪವಾ? ಮನ್ಯಾಗ ರೊಟ್ಟಿ ಇಲ್ಲ, ಬುತ್ತಿ ಇಲ್ಲ. ಹೊಟ್ಟಿದು ನೋಡ್ಕೊಂಡು ಬರಬೇಕಲ್ಲ. ತಡಾ ಆಯ್ತು. ಅದಕ್ಕ ಕೂಲಿ ಕಡದ್ರ ನ್ಯಾಯ ಆಗ್ತದೇನು?"

"ಆಗಂಗಿಲ್ರಿ," ಎಂದಳು ಶಿವಕಾಂತಾ. "ಹಂಗಾದ್ರ ಇಷ್ಟ ವರ್ಷ ನಮ್ಮದ ಯಾಕ ಕಡದ್ರಿ? ನಮಗೂ ರೊಟ್ಟಿಗೇ ತಡಾ ಆಗ್ತಿತ್ತು. ಅದೂ ಇವ್ರ ರೊಟ್ಟಿ."

ಶಾಂತಲಿಂಗಪ್ಪನವರು ಹೆಗಲ ಮೇಲೆ ಇಲ್ಲದ ಶಾಲಿಗೆ ಕೈ ಹಾಕಿದರು. ಕಾರಣಗಳಿಗೆ ಕೊರತೆಯಿಲ್ಲದ ಮನುಷ್ಯ ಅವರು. ಭಾರ, ಊರಿನ ದರ, ಒಂದೇ ಮನೆ, ಎಲ್ಲ ರವಿವಾರವೇ ಖರ್ಚಾಗಿ ಹೋಗಿದ್ದವು. ಉಳಿದಿದ್ದದ್ದು ಎಂಟು ಗಂಟೆಯ ಕಾರಣ ಒಂದೇ. ಅದನ್ನು ಈಗ ತಾನೇ ಸ್ವಂತ ಕೈಯಿಂದ, ಐದುನೂರರ ನೋಟಿನ ಜೊತೆ, ಖಂಡಪ್ಪನಿಗೆ ಕೊಟ್ಟುಬಿಟ್ಟಿದ್ದರು. ಅವರು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದರು.

ಗುರುಬಾಯಿ ಬೇಳೆಯಿಂದ ಕಣ್ಣೆತ್ತಲಿಲ್ಲ. "ಉತ್ತರ ಕೊಡ್ರಿ," ಎಂದರು. "ನಾನೂ ಕೇಳಾಕತ್ತೇನಿ."

ಶಾಂತಲಿಂಗಪ್ಪನವರು ಕೊನೆಯ ದಾರಿ ಹಿಡಿದರು. ಖಂಡಪ್ಪನನ್ನೇ ಕೇಳಿದರು, ಗಂಡಸಾಗಿ ನೀನೇ ಹೇಳು, ನಿನ್ನ ಹೆಂಡತಿಗೆ ನಿನ್ನ ಸಮ ಕೂಲಿ ಕೊಟ್ಟರೆ ನಿನಗೆ ಬರಾಬರ್ ಅನ್ನಿಸುತ್ತದೆಯೇ ಎಂದು.

ಶಿವಕಾಂತಾ ಗಂಡನ ಕಡೆ ನೋಡಲಿಲ್ಲ. ಅವನ ಕೈಯಲ್ಲಿದ್ದ ನೋಟಿನ ಕಡೆ ನೋಡಿದಳು. ಅದು ಇನ್ನೂ ಜೇಬಿಗೆ ಹೋಗಿರಲಿಲ್ಲ. ಅವನು ಇಲ್ಲ ಎಂದರೆ ಇವತ್ತಿನ ಐದುನೂರು ಇವತ್ತಿಗೇ ಮುಗಿಯುತ್ತಿತ್ತು. ನಾಳೆಯಿಂದ ಮತ್ತೆ ಅದೇ ಮುನ್ನೂರು, ಸಾಕ್ಷಿಗೆ ಸ್ವಂತ ಗಂಡ.

ಖಂಡಪ್ಪ ಕಿವಿಯ ಹಿಂದೆ ಕೆರೆದುಕೊಂಡ. ಒಣಗಿದ ಹಿಟ್ಟು ಉಗುರಿಗೆ ಬಂತು. ಅದನ್ನು ತುಸು ಹೊತ್ತು ನೋಡಿದ.

"ನಾ ಏನ ಹೇಳ್ಲಿ ರೀ ಸಾವುಕಾರ್ರ. ಎಂಟಕ್ಕ ಬರೋದು ನನ್ನ ತಾಕತ್ತು ಅಂತ ತಿಳ್ಕೊಂಡಿದ್ದೆ. ಇವತ್ತ ಗೊತ್ತಾಯ್ತು, ಅದು ಆಕಿದು. ಕೊಡ್ರಿ, ಆಕಿಗೂ ಅಷ್ಟ ಕೊಡ್ರಿ."

ಗಂಡಸರಲ್ಲಿ ಒಬ್ಬಿಬ್ಬರು ಗೊಣಗಿದರು. ಮಧ್ಯಾಹ್ನದ ಅರ್ಧ ರೊಟ್ಟಿ ಹೊಟ್ಟೆಯಲ್ಲಿ ಇನ್ನೂ ಇದ್ದುದರಿಂದ ಗೊಣಗು ಜೋರಾಗಲಿಲ್ಲ. ತೌಸೀಫ ಮಾತ್ರ ಸ್ಪಷ್ಟವಾಗಿ, ನಾಳೆ ರೊಟ್ಟಿ ಯಾರು ಬಡಿಯುತ್ತಾರೆ, ಅದನ್ನು ಮೊದಲು ಫೈಸಲಾ ಮಾಡಿ ಎಂದ. ಅದು ಮನೆಯಲ್ಲಿ ಫೈಸಲಾ ಮಾಡೋಣ ಬಾ ಎಂದಳು ಆಯೇಶಾ.

ಶಾಂತಲಿಂಗಪ್ಪನವರು ಪೂರ್ತಿ ಸೋಲುವ ಆಸಾಮಿಯೂ ಅಲ್ಲ. ತೊಗರಿ ಕೊಯ್ಲು ಮುಗಿಯುವವರೆಗೆ ಎಲ್ಲರಿಗೂ ಐದುನೂರು, ಎಲ್ಲರೂ ಎಂಟಕ್ಕೆ ಬರಬೇಕು, ಕಳೆ ತೆಗೆಯುವ ದಿನಗಳ ಮಾತು ಆಗ ನೋಡೋಣ, ಹೊರೆ ಹೊರುವ ದಿನ ಗಂಡಸರಿಗೆ ಮೇಲೆ ನೂರು ಎಂದರು. ಶಿವಕಾಂತಾ ಹೊರೆಯ ಮಾತಿಗೆ ಒಪ್ಪಿದಳು, ಅದನ್ನು ರವಿವಾರವೇ ತಾನೇ ಹೇಳಿದ್ದಳು. ಕಳೆಯ ಮಾತಿಗೆ, ಆಗಲಿ, ಕಳೆ ಬರಲಿ ಎಂದಳು. ಆಗ ಗುರುಬಾಯಿ ಒಳಗಿನಿಂದ ದ್ರೌಪದಿಯನ್ನು ಕರೆದು, ನಾಳೆ ಮುಂಜಾನೆ ನಮ್ಮ ಮನೆಗೆ ಬರುತ್ತೀಯೋ ಇಲ್ಲವೋ ಎಂದು ಕೇಳಿದರು. ದ್ರೌಪದಿ ಕೈಯಲ್ಲಿದ್ದ ನೋಟು ನೋಡಿ, ಎಂಟಕ್ಕೆ ಹೊಲದಲ್ಲಿ ಇರಬೇಕಲ್ಲವ್ವಾ, ಸಾವುಕಾರರೇ ಹೇಳಿದ್ದಾರೆ ಎಂದಳು. ಗುರುಬಾಯಿ ಗಂಡನನ್ನು ನೋಡಿದರು. ಗಂಡ ಚೀಲದ ದಾರ ಕಟ್ಟುವುದರಲ್ಲಿ ಮುಳುಗಿದ್ದರು.

ಬುಧವಾರ ಮುಂಜಾನೆ ಶಿವಕಾಂತಾ ಎಸರು ಕುದಿಸಿಕೊಟ್ಟಳು, ಹಿಟ್ಟು ನಾದಿದ್ದು ಖಂಡಪ್ಪ. ಅವನು ಬಡಿದ, ಅವಳು ಬೇಯಿಸಿದಳು. ಗೌರಾಬಾಯಿ ಚಾದರದ ಹೊರಗೆ ಮುಖವಿಟ್ಟು, ನೀರು ಹೆಚ್ಚಾಯಿತು, ಅಂಗೈ ಸಡಿಲ ಬಿಡು, ಹಂಗಲ್ಲೋ ಎಂದು ಬಾಯಿ ನೋಯುವವರೆಗೆ ಹೇಳಿದಳು. ಅಷ್ಟು ಉತ್ಸಾಹ ಅವಳಲ್ಲಿ ಎಷ್ಟೋ ದಿನಗಳಿಂದ ಕಂಡಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಡಿಯೇ ಮನೆ ಬಿಟ್ಟರು. ಓಣಿಯಲ್ಲಿ ಎರಡು ಮನೆಗಳಿಂದ ಹೊಗೆ ಬರುತ್ತಿತ್ತು. ಒಂದು ತೌಸೀಫನದು, ಆದರೆ ಈ ಸಲ ಕೊಡ ಹಿಡಿದು ಯಾರೂ ಓಡಿಬರಲಿಲ್ಲ. ಉಳಿದ ಮನೆಗಳಲ್ಲಿ ಏನು ನಡೆದಿತ್ತೋ, ಎಲ್ಲರೂ ಎಂಟರ ಆಸುಪಾಸಿಗೆ ಬದುವಿನ ಮೇಲಿದ್ದರು.

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದಾಗ ಶಾಂತಲಿಂಗಪ್ಪನವರು ಕೊಯ್ಲು ನೋಡುವ ನೆಪದಲ್ಲಿ ಅಲ್ಲೇ ಓಡಾಡುತ್ತಿದ್ದರು. ಗುರುಬಾಯಿಯವರ ಪೂಜೆ ಅಂದೂ ಬೇಗ ಮುಗಿದಿರಲಿಲ್ಲ ಎಂದು ಕಾಣುತ್ತದೆ. ಖಂಡಪ್ಪ ರೂಢಿಯಂತೆ ಕರೆದ. ಸಾವುಕಾರರು ಒಂದೆರಡು ಸಲ ಬೇಡವೆಂದು, ಮೂರನೆಯ ಸಲ ಕರೆಯುವ ಮೊದಲೇ ಬಂದು ಕುಳಿತರು. ಶಿವಕಾಂತಾ ಅವರ ಕೈಗೆ ಒಂದು ರೊಟ್ಟಿ, ಮೇಲೆ ಹೆಸರುಕಾಳಿನ ಪಲ್ಯ ಇಟ್ಟಳು. ರೊಟ್ಟಿ ನಡುವೆ ದಪ್ಪ, ಅಂಚಿನಲ್ಲಿ ಸೀಳಿತ್ತು. ಅವರು ಮುರಿಯಲು ನೋಡಿದರು. ಎರಡೂ ಕೈ ಹಾಕಬೇಕಾಯಿತು.

"ಇದ್ಯಾರ ಬಡದಿದ್ದು?" ಎಂದು ಕೇಳಿದರು.

"ನಾನ ರೀ," ಎಂದ ಖಂಡಪ್ಪ, ತುಸು ಎದೆ ಉಬ್ಬಿಸಿ.

ಶಾಂತಲಿಂಗಪ್ಪನವರು ಬಹಳ ಹೊತ್ತು ಅಗಿದರು. ನುಂಗಿದ ಮೇಲೆ ನೀರು ಕುಡಿದರು. ಆಮೇಲೆ ಶಿವಕಾಂತಾಳ ಕಡೆ ತಿರುಗಿ, ನೀನು ಬಡಿದದ್ದು ಒಂದು ಇದ್ದರೆ ಕೊಡವಾ ಎಂದರು.

"ಇಲ್ರಿ," ಎಂದಳು ಶಿವಕಾಂತಾ. "ನಾ ಎಂಟಕ್ಕ ಬಂದೇನಿ."